ಮಾಕ್ ಡ್ರಿಲ್ ಪಾಸಾಯ್ತು ಅನ್ನುವ ಮೊದಲು ನಮ್ಮ ಕೊಟ್ಟಿಗೆಗೂ ಒಮ್ಮೆ ಬನ್ನಿ



ಹೋದ ಸಲ ಕೊಳೆ ಔಷಧಿ ಬಗ್ಗೆ ಬರೆದಿದ್ದೆ. ಎರಡನೇ ಸಲ ಹೊಡೆದ ಖರ್ಚಿನ ಲೆಕ್ಕ ಕೇಳಿದವರಿಗೆ ಮುಂದಿನ ವಾರ ಬರೀತೇನೆ. ಇವತ್ತು ಬೇರೆ ವಿಷಯ, ಕೈಗಾದ ಸುತ್ತಮುತ್ತ ತೋಟ ಗದ್ದೆ ಮಾಡಿಕೊಂಡಿರುವ ನಮಗೆಲ್ಲ ಸಂಬಂಧಪಟ್ಟದ್ದು. ಸ್ವಲ್ಪ ಉದ್ದ ಇದೆ. ಮಳೆ ಬಿಡದ ದಿನ ಕೂತು ಓದಿ.

ಅಣು ಸ್ಥಾವರದಲ್ಲಿ ಏನಾದರೂ ಅನಾಹುತ ಆದರೆ ಏನು ಮಾಡಬೇಕು ಅಂತ ಅಭ್ಯಾಸ ಮಾಡ್ತಾರಲ್ಲ, ಅದರ ಬಗ್ಗೆ. ಪೇಪರಿನಲ್ಲಿ ಅಣಕು ಕಾರ್ಯಾಚರಣೆ ಅಂತ ಬರೀತಾರೆ, ನಾವು ಮಾಕ್ ಡ್ರಿಲ್ ಅಂತೇವೆ. ಅದನ್ನ ಹೇಗೆ ಯೋಜನೆ ಮಾಡಬೇಕು, ಆದ ಮೇಲೆ ಮಾರ್ಕ್ಸ್ ಹೇಗೆ ಹಾಕಬೇಕು ಅಂತ ನನಗೊಂದು ಅಭಿಪ್ರಾಯ ಇದೆ.

ಮೊದಲೇ ಒಂದು ಮಾತು. ಸ್ಥಾವರ ಬೇಕೋ ಬೇಡವೋ ಅನ್ನುವ ಜಗಳ ಇಲ್ಲಿ ಎತ್ತಬೇಡಿ. ಆ ಜಗಳ ದೊಡ್ಡದು, ಹಳೆಯದು. 1989ರಲ್ಲಿ ಶಿವರಾಮ ಕಾರಂತರು ಇದೇ ವಿಷಯ ಇಟ್ಟುಕೊಂಡು ನಮ್ಮ ಕ್ಷೇತ್ರದಿಂದ ಲೋಕಸಭೆಗೆ ನಿಂತಿದ್ದರು, ನಾನು ಆಗಷ್ಟೇ ಎಸ್ಸೆಸ್ಸೆಲ್ಸಿ ಮುಗಿಸಿ ತೋಟಕ್ಕೆ ಇಳಿದಿದ್ದ ಹುಡುಗ. ಈಗ ಅಲ್ಲಿ 220 ಮೆಗಾವಾಟಿನ ನಾಲ್ಕು ಘಟಕ ಇವೆ. ಒಂದನೇ ಘಟಕ 962 ದಿನ ನಿಲ್ಲದೆ ಓಡಿ 2018ರ ಕೊನೆಗೆ ದಾಖಲೆ ಮಾಡಿತು. ಇನ್ನೆರಡು 700 ಮೆಗಾವಾಟಿನವು ಬರಲಿಕ್ಕಿವೆ. ಇಷ್ಟು ವರ್ಷ ದೊಡ್ಡ ಅನಾಹುತ ಆಗಲಿಲ್ಲ ಅನ್ನೋದು ನಿಜ. ಅಭ್ಯಾಸ ಬೇಕಾಗಿರುವುದು ಆಗದೇ ಇರುವುದಕ್ಕಾಗಿಯೇ. ದಿನಾ ಆಗುವ ಕೆಲಸಕ್ಕೆ ಯಾರೂ ಅಭ್ಯಾಸ ಮಾಡೋದಿಲ್ಲ.

ನಿಯಮ ಏನು ಹೇಳ್ತದೆ ನೋಡೋಣ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಅಂದರೆ ಎಇಆರ್‌ಬಿ ಪ್ರಕಾರ ಅಭ್ಯಾಸ ಮೂರು ಬಗೆ. ಸ್ಥಾವರದ ಒಳಗಿನದ್ದು ಮೂರು ತಿಂಗಳಿಗೊಮ್ಮೆ. ಇಡೀ ಸ್ಥಾವರ ಪ್ರದೇಶದ್ದು ವರ್ಷಕ್ಕೊಮ್ಮೆ. ಬೇಲಿ ದಾಟಿ ಹೊರಗೆ ಊರುಗಳಿಗೆ ಬರುವಂಥದ್ದು ಎರಡು ವರ್ಷಕ್ಕೊಮ್ಮೆ. ಹೊರಗಿನ ಕೆಲಸಕ್ಕೆ ಯಜಮಾನರು ಜಿಲ್ಲಾಧಿಕಾರಿ. ಸ್ಥಾವರದಿಂದ 16 ಕಿ.ಮೀ. ದೂರದವರೆಗೆ ಒಂದು ವೃತ್ತ, ಅದನ್ನ ಹಲಸಿನ ಹಣ್ಣು ಕೊಯ್ದ ಹಾಗೆ 16 ಹೋಳು ಮಾಡಿದ್ದಾರೆ. ಗಾಳಿ ಯಾವ ಕಡೆಗೆ ಬೀಸ್ತದೋ ಆ ಕಡೆಯ ಹೋಳಿನಲ್ಲಿರುವ ಊರುಗಳಿಗೆ ಮೊದಲು ಸೂಚನೆ. ನಮ್ಮ ಊರು ಆ ವೃತ್ತದ ಅಂಚಿನಲ್ಲಿ, ಯಲ್ಲಾಪುರ ಘಟ್ಟದ ಬದಿ.

ಸೂಚನೆ ಅಂದರೆ ಏನು? ಮುಖ್ಯವಾಗಿ ನಾಲ್ಕು. ಮನೆ ಒಳಗೆ ಬಾಗಿಲು ಕಿಟಕಿ ಹಾಕಿಕೊಂಡು ಇರಿ. ಅಯೋಡಿನ್ ಮಾತ್ರೆ ನುಂಗಿ. ಊರು ಬಿಡಿ. ಇಲ್ಲಿನ ಹಾಲು, ಸೊಪ್ಪು, ನೀರು ಬಳಸಬೇಡಿ. ಈ ನಾಲ್ಕರಲ್ಲಿ ಯಾವುದು, ಯಾರಿಗೆ, ಯಾವಾಗ ಅಂತ ತೀರ್ಮಾನ ಮಾಡಿ, ಅದು ಜನರಿಗೆ ಮುಟ್ಟಿ, ಜನ ಮಾಡಿ ಮುಗಿಸುವವರೆಗಿನ ಇಡೀ ಸರಪಳಿಯನ್ನ ಎಳೆದು ನೋಡೋದೇ ಅಭ್ಯಾಸ.

ಇಂಥ ಅಭ್ಯಾಸ ಹೇಗೆ ತಯಾರು ಮಾಡಬೇಕು ಅಂತ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 2005ರಲ್ಲೇ ಒಂದು ಪುಸ್ತಕ ಮಾಡಿದೆ. ನಮ್ಮ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವೂ 2009ರಲ್ಲಿ ಅಣು ತುರ್ತು ಪರಿಸ್ಥಿತಿಗೆ ಮಾರ್ಗಸೂಚಿ ತಂದಿದೆ. ಅಭ್ಯಾಸದ ಸಾರಾಂಶ ನಮ್ಮ ಭಾಷೆಯಲ್ಲಿ ಹೇಳ್ತೇನೆ. ಮೊದಲು ಗುರಿ ಬರೀಬೇಕು, ಅದೂ ಅಳೆಯಲಿಕ್ಕೆ ಬರುವಂಥ ಗುರಿ. "ಜನರಿಗೆ ಜಾಗೃತಿ ಮೂಡಿಸುವುದು" ಅನ್ನೋದು ಗುರಿ ಅಲ್ಲ. "ಸೂಚನೆ ಕೊಟ್ಟ ಇಷ್ಟು ನಿಮಿಷದಲ್ಲಿ ಇಂಥ ಕೇರಿಯ ಎಲ್ಲ ಮನೆಗೂ ಮುಟ್ಟಬೇಕು" ಅನ್ನೋದು ಗುರಿ. ಆಮೇಲೆ ಕಥೆ ಕಟ್ಟಬೇಕು: ಬೆಳಿಗ್ಗೆ ಇಷ್ಟು ಹೊತ್ತಿಗೆ ಪೈಪ್ ಒಡೆಯಿತು, ಇಷ್ಟು ಹೊತ್ತಿಗೆ ಗಾಳಿ ತಿರುಗಿತು ಅಂತ. ಆ ಕಥೆ ಅಭ್ಯಾಸ ಮಾಡುವವರಿಗೆ ಮೊದಲೇ ಗೊತ್ತಿರಬಾರದು. ನಡುನಡುವೆ ಚೀಟಿ ಕೊಡ್ತಾ ಹೋಗಬೇಕು: ಈ ರಸ್ತೆ ಬಂದ್ ಆಯ್ತು, ಆ ಫೋನ್ ಸತ್ತು ಹೋಯ್ತು, ಈಗ ಏನು ಮಾಡ್ತೀರಿ?

ನಮ್ಮ ಯಕ್ಷಗಾನಕ್ಕೂ ಇದಕ್ಕೂ ವ್ಯತ್ಯಾಸ ಇರುವುದು ಇಲ್ಲೇ. ಆಟದಲ್ಲಿ ಪ್ರಸಂಗ ಎಲ್ಲ ವೇಷಧಾರಿಗಳಿಗೂ ಗೊತ್ತು. ಅಭ್ಯಾಸದಲ್ಲಿ ಭಾಗವತನಿಗೆ ಮಾತ್ರ ಪ್ರಸಂಗ ಗೊತ್ತಿರಬೇಕು. ಕೌರವನಿಗೆ ಇವತ್ತು ಗೆಲ್ಲುವುದು ಯಾರು ಅಂತ ಗೊತ್ತಿಲ್ಲದೆ ರಂಗಕ್ಕೆ ಬರಬೇಕು. ಪಕ್ಕದಲ್ಲಿ ಒಬ್ಬ ಗಡಿಯಾರ, ಪಟ್ಟಿ ಹಿಡಿದು ನಿಂತಿರಬೇಕು. ಅವನು ಆಟ ಆಡುವವನೂ ಅಲ್ಲ, ಚಪ್ಪಾಳೆ ಹೊಡೆಯುವವನೂ ಅಲ್ಲ, ನೋಡಿ ಬರೆಯುವವನು. ಮುಗಿದ ಮೇಲೆ ಅವನು ಬರೆದ ಪ್ರತಿಯೊಂದು ಕೊರತೆಯ ಮುಂದೆ ಒಂದು ಇಲಾಖೆಯ ಹೆಸರು, ಒಂದು ತಾರೀಕು ಬೀಳಬೇಕು. ಮುಂದಿನ ಅಭ್ಯಾಸದಲ್ಲಿ ಮೊದಲು ನೋಡಬೇಕಾದ್ದು ಆ ಹಳೇ ಪಟ್ಟಿಯನ್ನ.

ಈಗ ನನ್ನ ಅಭಿಪ್ರಾಯಕ್ಕೆ ಬರ್ತೇನೆ. ಅಳತೆಯನ್ನ ಕೊನೆಯ ಮನೆಯ ಕೊಟ್ಟಿಗೆಯಿಂದ ಶುರು ಮಾಡಬೇಕು. ಕಂಟ್ರೋಲ್ ರೂಮಿನಿಂದ ಅಳೆದರೆ ಎಲ್ಲ ಸರಿಯಾಗೇ ಕಾಣ್ತದೆ. ಸೂಚನೆ ಹೋಯ್ತು, ಬಸ್ ಬಂತು, ಇಷ್ಟು ಜನ ಹತ್ತಿದರು. ರೈತನ ಮನೆಯಿಂದ ನೋಡಿದರೆ ಲೆಕ್ಕ ಬೇರೆಯೇ ಬರ್ತದೆ. ಹೇಗೆ ಅಂತ ತಿಳೀಲಿಕ್ಕೆ ನಾನೇ ಒಂದು ಭಾನುವಾರ ಗಡಿಯಾರ ಇಟ್ಟುಕೊಂಡು ನೋಡಿದೆ. ಮಗಳು ಫೋನಿನಲ್ಲಿ ಟೈಮ್ ಬರ್ಕೊಂಡಳು.

ನಮ್ಮಲ್ಲಿ ನಾಲ್ಕು ದನ: ಕರೆಯುವ ಎರಡು, ಗಬ್ಬದ ಒಂದು, ಒಂದು ಕರು. ಮಧ್ಯಾಹ್ನ ಬೆಟ್ಟದಲ್ಲಿ ಮೇಯ್ತಾ ಇರ್ತವೆ. ಅವನ್ನ ಹುಡುಕಿ ಹೊಡ್ಕೊಂಡು ಬಂದು ಕಟ್ಟಲಿಕ್ಕೆ 1 ಗಂಟೆ 10 ನಿಮಿಷ. ಹುಲ್ಲಿನ ಬಣವೆಗೆ ಟಾರ್ಪಾಲು ಹೊದೆಸಿ ಕಟ್ಟಲಿಕ್ಕೆ ಇಬ್ಬರಿಗೆ 25 ನಿಮಿಷ. ಬಾವಿಗೆ ಮುಚ್ಚಳ ಇಲ್ಲ, ಅಡಿಕೆ ದಬ್ಬೆ ಅಡ್ಡ ಇಟ್ಟು ಶೀಟ್ ಹಾಕಲಿಕ್ಕೆ 15 ನಿಮಿಷ. ಕೇರಿಯ ಏಳು ಮನೆಗೆ ಸುದ್ದಿ ಮುಟ್ಟಿಸುವಾಗ ಮೂರು ಮನೆಗೆ ಫೋನ್ ಹೋಯ್ತು, ನಾಲ್ಕು ಮನೆಗೆ ನಡೆದೇ ಹೋಗಬೇಕಾಯ್ತು. ಅದಕ್ಕೆ 48 ನಿಮಿಷ. ಕೊನೆಯ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜ ಒಬ್ಬರಿದ್ದಾರೆ. ಅವರನ್ನ ರಸ್ತೆಗೆ ತರಬೇಕಾದರೆ ಖುರ್ಚಿ ಮೇಲೆ ಕೂರಿಸಿ, ನಾಲ್ಕು ಜನ ಹೊತ್ತು, ಹಳ್ಳದ ಸಂಕ ದಾಟಬೇಕು. ಅದನ್ನ ಅಳೆಯಲಿಕ್ಕೆ ನಾನು ಹೋಗಲಿಲ್ಲ, ಅಜ್ಜನಿಗೆ ಯಾಕೆ ತ್ರಾಸು ಕೊಡೋದು.

ಈಗ ಯೋಚನೆ ಮಾಡಿ. "ಎಲ್ಲರೂ ಮನೆ ಒಳಗೆ ಇರಿ" ಅಂತ ಸೂಚನೆ ಬಂತು ಅಂತ ಇಟ್ಕೊಳ್ಳಿ. ದನ ಬೆಟ್ಟದಲ್ಲಿವೆ. ನಿಮ್ಮಲ್ಲಿ ಯಾರಾದರೂ ಬಾಗಿಲು ಹಾಕ್ಕೊಂಡು ಒಳಗೆ ಕೂರ್ತೀರಾ? ನಾನಂತೂ ಕೂರೋದಿಲ್ಲ. ನಾನೂ ಹೋಗ್ತೇನೆ, ನೀವೂ ಹೋಗ್ತೀರಿ, ಹೆಂಗಸರು ಮಕ್ಕಳೂ ಹುಡುಕಲಿಕ್ಕೆ ಹೊರಡ್ತಾರೆ. ಅಂದರೆ ಗಾಳಿಯಲ್ಲಿ ವಿಷ ಇರುವ ಹೊತ್ತಿಗೆ ಸರಿಯಾಗಿ ಇಡೀ ಊರು ಬೆಟ್ಟದಲ್ಲಿ ಇರ್ತದೆ. ದನವನ್ನ ಲೆಕ್ಕಕ್ಕೆ ತೆಗೆದುಕೊಳ್ಳದ ಯೋಜನೆ ಮನುಷ್ಯರಿಗೂ ಕೆಲಸಕ್ಕೆ ಬಾರದು ಅಂತ ನಾನು ಹೇಳೋದು ಇದಕ್ಕೇ.

ಇದಕ್ಕೆ ದಾರಿ ಇದೆ, ಖರ್ಚೂ ಇಲ್ಲ. ಅನಾಹುತ ಒಂದೇ ಸಲಕ್ಕೆ ಬೇಲಿ ದಾಟೋದಿಲ್ಲ, ಸಾಮಾನ್ಯವಾಗಿ ಹಂತ ಹಂತವಾಗಿ ಏರ್ತದೆ. ತೊಂದರೆ ಇನ್ನೂ ಸ್ಥಾವರದ ಬೇಲಿ ಒಳಗೇ ಇದೆ ಅನ್ನುವ ಹಂತದಲ್ಲೇ ರೈತರಿಗೆ ಒಂದು ಸೂಚನೆ ಬರಲಿ: "ದನ ಒಳಗೆ ಕಟ್ಟಿ, ಮೇವು ಮುಚ್ಚಿ, ಬಾವಿ ಮುಚ್ಚಿ." ಏನೂ ಆಗದಿದ್ದರೆ ಸಂಜೆಗೆ ಬಿಚ್ಚಿ ಬಿಡ್ತೇವೆ, ನಷ್ಟ ಏನು? ಅಮೆರಿಕದಲ್ಲಿ ಸ್ಥಾವರಗಳ ಸುತ್ತಲಿನ ರೈತರಿಗೆಂದೇ ಬೇರೆ ಪುಸ್ತಿಕೆ ಮಾಡಿ ಮೊದಲೇ ಹಂಚಿರ್ತಾರೆ. ದನ ಕೊಟ್ಟಿಗೆಗೆ ತನ್ನಿ, ಮುಚ್ಚಿಟ್ಟ ಮೇವು ನೀರು ಮಾತ್ರ ಕೊಡಿ ಅನ್ನೋದು ಅದರಲ್ಲಿ ಮುಖ್ಯ.

ಹಾಲಿನ ವಿಷಯ ಇನ್ನೂ ದೊಡ್ಡದು. ಅಣು ಸ್ಥಾವರದಿಂದ ಹೊರಬೀಳುವ ವಿಷದಲ್ಲಿ ವಿಕಿರಣ ಅಯೋಡಿನ್ ಒಂದು. ಅದು ಹುಲ್ಲಿನ ಮೇಲೆ ಕೂತು, ದನ ಮೇದು, ಒಂದೆರಡು ದಿನದಲ್ಲಿ ಹಾಲಿಗೆ ಬರ್ತದೆ. ಹಾಲು ಕುಡಿದ ಮಕ್ಕಳ ಕುತ್ತಿಗೆಯ ಥೈರಾಯ್ಡ್ ಗ್ರಂಥಿಯಲ್ಲಿ ಸೇರ್ತದೆ. 1986ರ ಏಪ್ರಿಲ್ 26ಕ್ಕೆ ಚೆರ್ನೋಬಿಲ್ ಆದಾಗ ಅಲ್ಲಿಯ ಮಕ್ಕಳಿಗೆ ಸಾವಿರಾರು ಸಂಖ್ಯೆಯಲ್ಲಿ ಥೈರಾಯ್ಡ್ ಕ್ಯಾನ್ಸರ್ ಬಂದದ್ದಕ್ಕೆ ದೊಡ್ಡ ಕಾರಣ ಆ ಹಾಲು. ಸಮಾಧಾನದ ಸಂಗತಿ ಅಂದರೆ ಈ ಅಯೋಡಿನ್ ಎಂಟು ದಿನಕ್ಕೆ ಅರ್ಧ ಆಗ್ತಾ ಹೋಗ್ತದೆ. ಕೆಲವು ವಾರ ಹಾಲು ತಡೆದರೆ ಮಕ್ಕಳು ಉಳೀತಾರೆ. ಇಂಗ್ಲೆಂಡಿನ ವಿಂಡ್‌ಸ್ಕೇಲ್‌ನಲ್ಲಿ 1957ರ ಅಕ್ಟೋಬರಿನಲ್ಲಿ ಬೆಂಕಿ ಬಿದ್ದಾಗ ಸುಮಾರು 500 ಚದರ ಕಿ.ಮೀ. ಪ್ರದೇಶದ ಹಾಲನ್ನ ಸುಮಾರು ಒಂದು ತಿಂಗಳು ಚೆಲ್ಲಿಸಿದರು. ಹಾಲು ತಡೆದದ್ದರಿಂದ ಮಕ್ಕಳಿಗೆ ಆಗಬಹುದಾಗಿದ್ದ ಕೇಡು ಬಹಳ ಕಡಿಮೆ ಆಯ್ತು.

ನಮ್ಮಲ್ಲಿ ಹಾಲು ತಡೆಯುವ ಸೂಚನೆ ಯಾರು ಡೇರಿ ಸೆಕ್ರೆಟರಿಗೆ ಹೇಳಬೇಕು, ಎಷ್ಟು ಹೊತ್ತಿನ ಒಳಗೆ ಹೇಳಬೇಕು, ಹಾಲಿನ ಗಾಡಿ ಎಲ್ಲಿ ನಿಲ್ಲಬೇಕು, ಮಾದರಿ ಯಾರು ತೆಗೆಯಬೇಕು, ಚೆಲ್ಲಿದ ಹಾಲಿನ ದುಡ್ಡು ರೈತನಿಗೆ ಯಾರು ಕೊಡಬೇಕು? ಇದನ್ನ ಅಭ್ಯಾಸದ ಕಥೆಯಲ್ಲಿ ಸೇರಿಸಿ ಅಂತ ನಾವು ಕೇಳಬೇಕು. ದುಡ್ಡಿನ ಪ್ರಶ್ನೆ ಸಣ್ಣದು ಅಂತ ತಿಳೀಬೇಡಿ. ದುಡ್ಡು ಸಿಗ್ತದೆ ಅಂತ ಗೊತ್ತಿದ್ದರೆ ರೈತ ಹಾಲು ಚೆಲ್ತಾನೆ. ಗೊತ್ತಿಲ್ಲದಿದ್ದರೆ ಡೇರಿಗೆ ಹಾಕ್ತಾನೆ, ಇಲ್ಲವೇ ಮನೆ ಮಕ್ಕಳಿಗೆ ಕುಡಿಸ್ತಾನೆ.

ಅಮೆರಿಕದಲ್ಲಿ 1979ರ ಥ್ರೀ ಮೈಲ್ ಐಲೆಂಡ್ ಅಪಘಾತದ ನಂತರ ಹೊರಗಿನ ಅಭ್ಯಾಸ ಎರಡು ವರ್ಷಕ್ಕೊಮ್ಮೆ ಕಡ್ಡಾಯ ಆಯ್ತು. ಅದರ ಜೊತೆಗೆ ಎಂಟು ವರ್ಷಕ್ಕೊಮ್ಮೆ ಹಾಲು, ಬೆಳೆ, ಮೇವು, ನೀರಿನದ್ದೇ ಬೇರೆ ಅಭ್ಯಾಸ ಇದೆ, 80 ಕಿ.ಮೀ. ದೂರದವರೆಗೆ. 80 ಕಿ.ಮೀ. ಅಂದರೆ ನಮ್ಮಲ್ಲಿ ಕಾರವಾರ, ಅಂಕೋಲಾ, ಕುಮಟಾ, ಯಲ್ಲಾಪುರ, ಶಿರಸಿ, ದಾಂಡೇಲಿ ಎಲ್ಲ ಒಳಗೆ ಬರ್ತವೆ. "ನಾವು ದೂರ ಇದ್ದೇವೆ" ಅನ್ನುವ ಶಿರಸಿ ಕಡೆಯವರೂ ಇದನ್ನ ಓದಿ.

ಜಪಾನಿನಿಂದ ಕಲಿಯೋದು ಬೇಕಾದಷ್ಟಿದೆ. 2011ರ ಮಾರ್ಚ್ 11ಕ್ಕೆ ಸುನಾಮಿ ಬಂದು ಫುಕುಶಿಮಾ ಸ್ಥಾವರ ಕೆಟ್ಟಾಗ ಊರು ಬಿಡಿಸುವ ಗೆರೆ ಒಂದೇ ದಿನದಲ್ಲಿ ಸ್ವಲ್ಪ ಸ್ವಲ್ಪವೇ ಹಿಗ್ಗಿ 20 ಕಿ.ಮೀ.ಗೆ ಹೋಯ್ತು. ಎರಡು ದಿನದಲ್ಲಿ ವಾಪಸ್ ಬರ್ತೇವೆ ಅಂದುಕೊಂಡು ಜನ ದನ ಕಟ್ಟಿದಲ್ಲೇ ಬಿಟ್ಟು ಹೋದರು. ಸಾವಿರಾರು ದನ, ಹಂದಿ ಹಗ್ಗದಲ್ಲೇ, ಗೂಡಿನಲ್ಲೇ ಹಸಿದು ಸತ್ತವು. ಮೇ ತಿಂಗಳಲ್ಲಿ ಉಳಿದವನ್ನ ಮಾಲೀಕರ ಒಪ್ಪಿಗೆ ಪಡೆದು ಕೊಲ್ಲಿಸಿ ಅಂತ ಸರ್ಕಾರ ಹೇಳಿತು. ಸ್ಥಾವರದಿಂದ 5 ಕಿ.ಮೀ. ಒಳಗೇ ಇದ್ದ ಫುತಾಬಾ ಆಸ್ಪತ್ರೆಯ ಹತ್ತಾರು ವಯಸ್ಸಾದ ರೋಗಿಗಳು ತೀರಿಕೊಂಡರು. ಅವರನ್ನ ಕೊಂದದ್ದು ವಿಕಿರಣ ಅಲ್ಲ. ತಯಾರಿ ಇಲ್ಲದೆ ಬಸ್ಸಿನಲ್ಲಿ ಗಂಟೆಗಟ್ಟಲೆ ಸುತ್ತಾಡಿಸಿದ್ದು. ನಮ್ಮ ಕೇರಿಯ ಅಜ್ಜನ ಮಟ್ಟಿಗೆ ಊರು ಬಿಡಿಸೋದು ಒಳ್ಳೆಯದೋ, ಮನೆ ಒಳಗೆ ಇಡೋದು ಒಳ್ಳೆಯದೋ? ಅಭ್ಯಾಸದಲ್ಲಿ ಈ ಪ್ರಶ್ನೆಯೂ ಇರಬೇಕು. ಬಸ್ ಎಷ್ಟು ತುಂಬಿತು ಅನ್ನುವ ಲೆಕ್ಕದಲ್ಲಿ ಇದಕ್ಕೆ ಉತ್ತರ ಇಲ್ಲ.

ಗಾಳಿ ಗೆರೆ ನೋಡಿ ಬೀಸೋದಿಲ್ಲ ಅನ್ನೋದೂ ಅಲ್ಲಿ ಗೊತ್ತಾಯ್ತು. ಈಟಾಟೆ ಅನ್ನುವ ಹಳ್ಳಿ 20 ಕಿ.ಮೀ. ಗೆರೆಯ ಹೊರಗೇ ಇತ್ತು. ಆದರೆ ಗಾಳಿ ಅತ್ತ ತಿರುಗಿ, ಮಳೆ ಹಿಮದ ಜೊತೆ ವಿಷ ಅಲ್ಲಿ ಇಳಿಯಿತು. ಅವರಿಗೆ ಊರು ಬಿಡಿ ಅಂದದ್ದು ಏಪ್ರಿಲ್ ಕೊನೆಗೆ. ಜುಲೈನಲ್ಲಿ ಮಾಂಸದ ದನಗಳಲ್ಲಿ ಸೀಸಿಯಂ ಸಿಕ್ಕಿತು. ಕಾರಣ ಹುಡುಕಿದರೆ ಗದ್ದೆಯಲ್ಲಿ ಹೊರಗೆ ಬಿದ್ದಿದ್ದ ಭತ್ತದ ಹುಲ್ಲು. ನಮ್ಮ ಹಾಗೇ ಎಲೆ ಕೊಳೆಸಿ ಗೊಬ್ಬರ ಮಾಡುವವರು ಅಲ್ಲೂ ಇದ್ದಾರೆ, ಅದರ ಮೇಲೂ ನಿರ್ಬಂಧ ಬಂತು. ಸೀಸಿಯಂ ಅರ್ಧ ಆಗಲಿಕ್ಕೆ 30 ವರ್ಷ. ಕಾಡಿನ ದರಕಿನಲ್ಲಿ ಅದು ಬಹಳ ಕಾಲ ಉಳೀತದೆ. ಸೊಪ್ಪಿನ ಬೆಟ್ಟದಿಂದ ದರಕು ತಂದು ಕೊಟ್ಟಿಗೆಗೆ ಹಾಸಿ, ಅದೇ ಗೊಬ್ಬರ ಮರದ ಬುಡಕ್ಕೆ ಹಾಕುವ ನಮಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಚೆರ್ನೋಬಿಲ್ ವಿಷ ಎರಡು ಸಾವಿರ ಕಿ.ಮೀ.ಗೂ ಹೆಚ್ಚು ದೂರದ ಬ್ರಿಟನ್ನಿನ ಗುಡ್ಡಗಳಲ್ಲಿ ಬಿದ್ದು, ಅಲ್ಲಿಯ ಕುರಿ ಸಾಕುವವರ ಮೇಲೆ ಹಾಕಿದ ನಿರ್ಬಂಧ ಪೂರ್ತಿ ತೆಗೆದದ್ದು 2012ಕ್ಕೆ. ಲೆಕ್ಕ ಹಾಕಿ, 26 ವರ್ಷ.

ಇನ್ನು ನಮ್ಮ ಜಿಲ್ಲೆಯ ಮಳೆಗಾಲ. ಕೈಗಾದಿಂದ ಹೊರಗೆ ಬರುವ ಮುಖ್ಯ ದಾರಿ ಎರಡು: ಕದ್ರಾ, ಮಲ್ಲಾಪುರ ಮೇಲಿಂದ ಕಾರವಾರ ಕಡೆಗೊಂದು, ಘಟ್ಟ ಹತ್ತಿ ಯಲ್ಲಾಪುರಕ್ಕೊಂದು. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡವೇ ಜಾರಿ ಊರು ಹೋಯ್ತು. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ ವಾರಗಟ್ಟಲೆ ಬಂದ್. ಮೂರು ವಾರದ ನಂತರ ಆಗಸ್ಟ್ 7ರ ನಸುಕಿಗೆ ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಇವ್ಯಾವುವೂ ಕಥೆ ಅಲ್ಲ, ಆದದ್ದು. ಬಿಸಿಲಿನ ದಿನ, ಹಗಲು ಹೊತ್ತಿನಲ್ಲಿ ಮಾಡಿದ ಅಭ್ಯಾಸ ಬೇರೆ, ಆಷಾಢದಲ್ಲಿ ಕರೆಂಟ್ ಇಲ್ಲದ ರಾತ್ರಿ ಮಾಡಿದ್ದು ಬೇರೆ. ಬಸ್ಸಿನಲ್ಲಿ ಜನರನ್ನ ಕರೆದುಕೊಂಡು ಹೋಗಿ ಅಪಾಯಕ್ಕೆ ಹಾಕಿ ಅಂತ ನಾನು ಹೇಳ್ತಾ ಇಲ್ಲ. ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಮಾಡುವ ಅಭ್ಯಾಸ ಅಂತಲೂ ಇದೆ. ಆ ನಕ್ಷೆಯಲ್ಲಿ ಒಂದು ರಸ್ತೆಗೆ ಕೆಂಪು ಗೆರೆ ಎಳೆದು "ಇದು ಕುಸಿದಿದೆ, ಈಗ ಹೇಳಿ" ಅಂತ ಕೇಳಲಿಕ್ಕೆ ಏನು ಖರ್ಚು?

ಮಾತ್ರೆ ವಿಷಯವೂ ಹೀಗೇ. ಅಯೋಡಿನ್ ಮಾತ್ರೆ ವಿಷಗಾಳಿ ಬರುವ ಸ್ವಲ್ಪ ಮೊದಲು, ಇಲ್ಲವೇ ಬಂದ ಕೆಲವೇ ತಾಸಿನಲ್ಲಿ ನುಂಗಿದರೆ ಮಾತ್ರ ಪೂರ್ತಿ ಉಪಯೋಗ. ಅದೂ ಥೈರಾಯ್ಡ್ ಗ್ರಂಥಿಗೆ ಮಾತ್ರ, ಉಳಿದ ವಿಷಕ್ಕೆ ಅಲ್ಲ. ದೊಡ್ಡವರ ಪ್ರಮಾಣ ಬೇರೆ, ಮಕ್ಕಳದ್ದು ಬೇರೆ, ಹೇಳದೇ ಯಾರೂ ನುಂಗಬಾರದು. ಹಾಗಾಗಿ ಗೋದಾಮಿನಲ್ಲಿ ಎಷ್ಟು ಸಾವಿರ ಮಾತ್ರೆ ಇದೆ ಅನ್ನೋದಕ್ಕಿಂತ, ಕೊನೆಯ ಮನೆಯ ಮಗುವಿನ ಕೈಗೆ ಎಷ್ಟು ಹೊತ್ತಿಗೆ ಬಂತು ಅನ್ನೋದನ್ನ ಬರ್ಕೊಳ್ಳಬೇಕು.

ಇದಕ್ಕೆ ಎದುರು ಮಾತು ಕೇಳಿದ್ದೇನೆ. ಇಷ್ಟೆಲ್ಲ ಮಾತಾಡಿದರೆ, ಕೊರತೆ ಪಟ್ಟಿ ಊರಿಗೆ ಓದಿದರೆ ಜನ ಹೆದರ್ತಾರೆ ಅಂತ. ಆ ಮಾತನ್ನ ತಳ್ಳಿ ಹಾಕಲಿಕ್ಕೆ ಬರೋದಿಲ್ಲ. ಸುಳ್ಳು ಸುದ್ದಿ ಒಂದು ಸಲ ವಾಟ್ಸಾಪಿನಲ್ಲಿ ಹೊರಟರೆ ಹಿಡಿಯುವವರಿಲ್ಲ. ಆದರೆ ಕಾಳಿ ನದಿ ದಂಡೆಯವರನ್ನ ನೋಡಿ. ಡ್ಯಾಮಿನ ನೀರು ಬಿಡುವ ಮೊದಲು ಸೈರನ್ ಆದರೆ ಯಾರೂ ಎದೆ ಒಡ್ಕೊಳ್ಳೋದಿಲ್ಲ, ಸಾಮಾನು ಮೇಲೆ ಇಟ್ಟು ದನ ಬಿಚ್ಚಿ ಹೊರಡ್ತಾರೆ. ಸೈರನ್ ಆದರೆ ನೀರು ಬರ್ತದೆ ಅಂತ ಕಣ್ಣಾರೆ ನೋಡಿ ನಂಬಿಕೆ ಬಂದಿದೆ. ವಿಕಿರಣಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಅಲ್ಲಿ ನಂಬಿಕೆ ಬರಬೇಕಾದರೆ ಹೇಳುವವರ ಮಾತಿನ ಮೇಲೇ ಬರಬೇಕು. "ಎಲ್ಲವೂ ಯಶಸ್ವಿ" ಅಂತ ಎರಡು ಸಾಲು ಓದಿದರೆ ನಂಬಿಕೆ ಬರ್ತದಾ? "ಇಂಥ ಕೇರಿಗೆ ಸುದ್ದಿ ತಡ ಆಯ್ತು, ಇಂಥ ತಾರೀಕಿನ ಒಳಗೆ ಸರಿ ಮಾಡ್ತೇವೆ" ಅಂದರೆ ನಾನಂತೂ ನಂಬ್ತೇನೆ. ನೂರಕ್ಕೆ ನೂರು ಎಲ್ಲರಿಗೂ ಬಂದ ಪರೀಕ್ಷೆ ನಾನು ಎಸ್ಸೆಸ್ಸೆಲ್ಸಿಯಲ್ಲೂ ನೋಡಲಿಲ್ಲ.

ಮಾರ್ಕ್ಸ್ ಹಾಕುವವರಲ್ಲಿ ನಮ್ಮವರೂ ಇರಬೇಕು. ಅಧಿಕಾರಿಗಳ ಜೊತೆ ಪ್ರತಿ ಪಂಚಾಯ್ತಿಯಿಂದ ಇಬ್ಬರು ಸಾಕು. ಒಬ್ಬರು ಆಶಾ ಕಾರ್ಯಕರ್ತೆ, ಯಾಕಂದರೆ ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರು ಹಾಸಿಗೆ ಹಿಡಿದಿದ್ದಾರೆ ಅಂತ ಅವರಿಗೆ ಬಾಯಿಪಾಠ. ಇನ್ನೊಬ್ಬರು ಡೇರಿ ಸೆಕ್ರೆಟರಿ, ಯಾವ ಮನೆಯಲ್ಲಿ ಎಷ್ಟು ದನ ಅಂತ ಅವರ ಪುಸ್ತಕದಲ್ಲೇ ಇದೆ. ಇಬ್ಬರ ಕೈಯಲ್ಲಿ ಒಂದು ಗಡಿಯಾರ, ಒಂದು ಹಾಳೆ. ಅವರು ಬರೆದದ್ದು ವರದಿಯಲ್ಲಿ ಸೇರಲಿ, ಆ ವರದಿಯನ್ನ ಮುಂದಿನ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಲಿ.

ಬರುವ ಗ್ರಾಮಸಭೆಯಲ್ಲಿ ನಾನು ಈ ಐದು ಪ್ರಶ್ನೆ ಬರೆದು ಕೊಡುವವನಿದ್ದೇನೆ. ಸರಿ ಅನ್ನಿಸಿದರೆ ನಿಮ್ಮ ಪಂಚಾಯ್ತಿಯಲ್ಲೂ ಕೊಡಿ.

1. ದನ ಕಟ್ಟುವ ಸೂಚನೆ ಯಾವ ಹಂತದಲ್ಲಿ, ಯಾರ ಮೂಲಕ ಬರ್ತದೆ?

2. ಹಾಲು ತಡೆಯುವ ಅಭ್ಯಾಸ ಯಾವಾಗ? ಚೆಲ್ಲಿದ ಹಾಲಿನ ದುಡ್ಡು ಯಾರು ಕೊಡ್ತಾರೆ?

3. ಫೋನ್, ಕರೆಂಟ್ ಇಲ್ಲದ ಕೊನೆಯ ಮನೆಗೆ ಸುದ್ದಿ ಎಷ್ಟು ನಿಮಿಷಕ್ಕೆ ಮುಟ್ಟಬೇಕು ಅಂತ ಗುರಿ ಇಟ್ಟಿದ್ದೀರಿ?

4. ಮಳೆಗಾಲದಲ್ಲಿ ಒಂದು ರಸ್ತೆ ಹೋದರೆ ಎರಡನೇ ಯೋಜನೆ ಏನು?

5. ಹಿಂದಿನ ಅಭ್ಯಾಸದಲ್ಲಿ ಕಂಡ ಕೊರತೆಗಳಲ್ಲಿ ಯಾವುದು ಸರಿ ಆಯ್ತು, ಯಾವುದು ಬಾಕಿ?

ಅದಕ್ಕಿಂತ ಮೊದಲು ನೀವೂ ಒಂದು ಭಾನುವಾರ ಗಡಿಯಾರ ಇಟ್ಟು ನೋಡಿ. ದನ ಹೊಡ್ಕೊಂಡು ಬರಲಿಕ್ಕೆ ಎಷ್ಟು ಹೊತ್ತು, ಮೇವು ಮುಚ್ಚಲಿಕ್ಕೆ ಎಷ್ಟು, ಕೊನೆಯ ಮನೆಗೆ ಹೇಳಲಿಕ್ಕೆ ಎಷ್ಟು. ಊರ ಹೆಸರಿನ ಜೊತೆ ಕೆಳಗೆ ಬರೆಯಿರಿ. ಹತ್ತು ಊರಿನ ಲೆಕ್ಕ ಒಟ್ಟಾದರೆ ಅದನ್ನೇ ಅರ್ಜಿಗೆ ಲಗತ್ತಿಸಿ ಕೊಡೋಣ. ಬಾವಿಗೆ ಮುಚ್ಚಳ ಇಲ್ಲದವರು ಅದೊಂದು ಮಾಡಿಸಿಕೊಳ್ಳಿ. ಏನೂ ಆಗದಿದ್ದರೂ ಎಲೆ ಬೀಳೋದಾದರೂ ತಪ್ಪುತ್ತದೆ.